ದಾಯಾದಿ ಮನೆಗೆ ಬಂದ ಮೇಲೆ

2021ರ ಜುಲೈ ತಿಂಗಳಲ್ಲಿ, ನಮ್ಮ ಕಾಲೇಜು ಫುಟ್‌ಬಾಲ್ ಒಕ್ಕೂಟಕ್ಕೆ ಹಳೆಯ ವೈರಿ ಟೆಕ್ಸಸ್ ವಿಶ್ವವಿದ್ಯಾಲಯ ಬರುತ್ತದೆ ಎಂದಾಗ, ‘ಅವರನ್ನು ಒಳಗೆ ಬಿಟ್ಟುಕೊಳ್ಳಬೇಡಿ’ ಎಂದು ಕೂಗಿದವರ ಗುಂಪಿನಲ್ಲಿ ನಾನೂ ಇದ್ದೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ. ಪೂರ್ತಿ ಅಲ್ಲ, ಅರ್ಧ. ಯಾವ ಅರ್ಧ ಎಂದು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಊರಿನ ಕಡೆಯ ಗೆಳೆಯರಿಗಾಗಿ ಮೊದಲು ಸ್ವಲ್ಪ ಹಿನ್ನೆಲೆ. ನಾನು 2004ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಬಂದವನು. ಊರಿನ ಹೆಸರೇ ಕಾಲೇಜ್ ಸ್ಟೇಷನ್. ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವುದು ಎಂದುಕೊಂಡಿದ್ದವನಿಗೆ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಈ ಆಟ ಅರ್ಥವಾಗಲು ಒಂದು ಸೆಮಿಸ್ಟರ್ ಹಿಡಿಯಿತು. ಬಂದ ಕೆಲವೇ ವಾರಗಳಲ್ಲಿ ರೂಮಿನ ಹುಡುಗರು ರಾತ್ರಿ ಹನ್ನೆರಡಕ್ಕೆ ಕ್ರೀಡಾಂಗಣಕ್ಕೆ ಎಳೆದುಕೊಂಡು ಹೋದರು. ಆಟ ಇದ್ದದ್ದು ಮರುದಿನ. ಹಿಂದಿನ ರಾತ್ರಿ ಸಾವಿರಾರು ಜನ ಸೇರಿ, ಐವರು ಮುಂದಾಳುಗಳ ಕೈಸನ್ನೆ ನೋಡಿಕೊಂಡು ಕೂಗುವುದನ್ನು ಅಭ್ಯಾಸ ಮಾಡುತ್ತಾರೆ. ಕೂಗಾಟಕ್ಕೂ ತಾಲೀಮು! ನಮ್ಮ ಕ್ರೀಡಾಂಗಣ ಕೈಲ್ ಫೀಲ್ಡ್‌ನಲ್ಲಿ ಈಗ 1,02,733 ಆಸನಗಳಿವೆ. ಚಿನ್ನಸ್ವಾಮಿಯಂಥವನ್ನು ಎರಡು ಸೇರಿಸಿದರೂ ಸಾಲದು. ನೆನಪಿಡಿ, ಇದು ಕಾಲೇಜು ಹುಡುಗರ ಆಟ.

ನಮ್ಮ ಶತ್ರು ಇರುವುದು ಕಾರಿನಲ್ಲಿ ಎರಡು ಗಂಟೆಯ ದಾರಿಯಲ್ಲಿ, ಆಸ್ಟಿನ್‌ನಲ್ಲಿ: ಟೆಕ್ಸಸ್ ವಿಶ್ವವಿದ್ಯಾಲಯ. ಉದ್ದ ಕೊಂಬಿನ ಎತ್ತು ಅವರ ಲಾಂಛನ, ಸುಟ್ಟ ಕಿತ್ತಳೆ ಅವರ ಬಣ್ಣ. ನಮ್ಮವರು ಅವರ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಬೇಕೆಂದೇ ಸಣ್ಣ ಅಕ್ಷರಗಳಲ್ಲಿ ‘ಟಿ.ಯು.’ ಎಂದು ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದ ಇಲ್ಲದ್ದರಿಂದ ಈ ಅವಮಾನವನ್ನು ನಿಮಗೆ ಮಾಡಿ ತೋರಿಸಲಾರೆ. ಇನ್ನೊಂದು ಬೈಗುಳ ‘ಟೀ-ಸಿಪ್’. ನಾವು ಹೊಲದಲ್ಲಿ ಬೆವರು ಸುರಿಸುವವರು, ಅವರು ನೆರಳಿನಲ್ಲಿ ಕುಳಿತು ಟೀ ಹೀರುವವರು ಎಂದು ಅರ್ಥ. ಫಿಲ್ಟರ್ ಕಾಫಿಯ ಮನೆಯಿಂದ ಬಂದ ನನಗೆ ಇದು ಮೊದಲ ದಿನವೇ ಬಾಯಿಗೆ ಹತ್ತಿತು.

ಇಂಗ್ಲಿಷಿನಲ್ಲಿ ಇವರನ್ನು ರೈವಲ್ ಎನ್ನುತ್ತಾರೆ. ಆ ಪದ ಸಪ್ಪೆ. ಸರಿಯಾದ ಪದ ಇರುವುದು ನಮ್ಮಲ್ಲಿ: ದಾಯಾದಿ. ಅಲಂಕಾರಕ್ಕೆ ಹೇಳುತ್ತಿಲ್ಲ, ಇಲ್ಲಿ ನಿಜವಾಗಿಯೂ ಪಿತ್ರಾರ್ಜಿತ ಆಸ್ತಿ ಇದೆ. ಎ ಆ್ಯಂಡ್ ಎಂ ಬಾಗಿಲು ತೆರೆದದ್ದು 1876ರಲ್ಲಿ, ಆಸ್ಟಿನ್‌ನವರು 1883ರಲ್ಲಿ. ಆದರೆ 1876ರ ಟೆಕ್ಸಸ್ ಸಂವಿಧಾನ ಇನ್ನೂ ಹುಟ್ಟದ ಆಸ್ಟಿನ್ ವಿಶ್ವವಿದ್ಯಾಲಯವನ್ನು ಮುಖ್ಯ ಮನೆ ಎಂದೂ ನಮ್ಮನ್ನು ಅದರ ಶಾಖೆ ಎಂದೂ ಬರೆದುಬಿಟ್ಟಿತು! ಮೊದಲು ಹುಟ್ಟಿದವನು ಕಿರಿಯವನಾದ. ಅದೇ ಸಂವಿಧಾನ ಪಶ್ಚಿಮ ಟೆಕ್ಸಸ್‌ನ ಬರಡು ಭೂಮಿಯನ್ನು ವಿಶ್ವವಿದ್ಯಾಲಯದ ಹೆಸರಿಗೆ ಬಿಟ್ಟುಕೊಟ್ಟಿತು. ಕುರಿ ಮೇಯಿಸಲಿಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದ ನೆಲ. 1923ರಲ್ಲಿ ಸಾಂತಾ ರೀಟಾ ಎಂಬ ಬಾವಿಯಲ್ಲಿ ಎಣ್ಣೆ ಉಕ್ಕಿತು. ಮುಂದಿನದನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಪಾಲಿನ ಜಗಳ ನಡೆದು 1931ರಲ್ಲಿ ತೀರ್ಮಾನವಾಯಿತು: ಮೂರರಲ್ಲಿ ಎರಡು ಪಾಲು ಅವರಿಗೆ, ಒಂದು ಪಾಲು ನಮಗೆ. ಇವತ್ತಿಗೂ ಅದೇ ಪಾಲುಪಟ್ಟಿ.

ಫುಟ್‌ಬಾಲ್ ಜಗಳ ಅದಕ್ಕೂ ಹಳೆಯದು, 1894ರದು. 1915ರಲ್ಲಿ ನಮ್ಮವರು 13-0 ಅಂತರದಿಂದ ಗೆದ್ದರು. ಸಾಲದು ಎಂದು 1917ರಲ್ಲಿ ನಮ್ಮ ಕಡೆಯ ಕೆಲವರು ಕದ್ದು ಹೋಗಿ, ಆಸ್ಟಿನ್‌ನವರ ಲಾಂಛನದ ಎತ್ತು ಬೀವೋನ ಪಕ್ಕೆಗೆ ಕಾದ ಕಬ್ಬಿಣದಿಂದ ‘13-0’ ಎಂದು ಬರೆ ಎಳೆದು ಬಂದರು. ಎತ್ತನ್ನು ಸಾಕುವ ಖರ್ಚು ಮೇಲಾಗಿ ಆಸ್ಟಿನ್‌ನವರು 1920ರಲ್ಲಿ ಅದನ್ನು ಕಡಿದು ಔತಣ ಮಾಡಿದರು. ಆ ಊಟಕ್ಕೆ ನಮ್ಮವರಿಗೂ ಕರೆ ಹೋಗಿತ್ತು. ಬರೆ ಬಿದ್ದ ಪಕ್ಕೆಯ ಮಾಂಸವನ್ನು ನಮ್ಮವರಿಗೇ ಬಡಿಸಿ, 13-0 ಎಂದಿದ್ದ ಚರ್ಮವನ್ನು ಉಡುಗೊರೆಯಾಗಿ ಕೊಟ್ಟು ಕಳಿಸಿದರು. ನಾನು ಸಸ್ಯಾಹಾರಿ. ಆದರೂ ಈ ಕಥೆ ಕೇಳಿದಾಗಲೆಲ್ಲ ಹೀಗೆ ಕರೆದು ಕೂರಿಸಿ ಬಡಿಸುವ ವೈರಿಯ ಮೇಲೆ ಒಂದು ಬಗೆಯ ಗೌರವ ಹುಟ್ಟುತ್ತದೆ.

ಇಂಥವರಿಂದ ನಾವು ದೂರವಾದದ್ದು ದುಡ್ಡಿಗಾಗಿ. ಎರಡೂ ಕಡೆಯವರು ಬಿಗ್ 12 ಎಂಬ ಕಾನ್ಫರೆನ್ಸ್‌ನಲ್ಲಿದ್ದೆವು. ಕಾನ್ಫರೆನ್ಸ್ ಎಂದರೆ ವಿಶ್ವವಿದ್ಯಾಲಯಗಳ ಒಕ್ಕೂಟ. ಯಾರು ಯಾರ ಮೇಲೆ ಆಡಬೇಕು, ಟಿ.ವಿ.ಯ ಹಣ ಯಾರಿಗೆ ಎಷ್ಟು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. 2011ರಲ್ಲಿ ಆಸ್ಟಿನ್‌ನವರು ಇಎಸ್‌ಪಿಎನ್ ಜೊತೆ 20 ವರ್ಷಕ್ಕೆ 30 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ತಮ್ಮದೇ ಒಂದು ಚಾನೆಲ್ ತೆರೆದರು. ಒಂದೇ ಮನೆಯಲ್ಲಿ ಅಣ್ಣ ಬೇರೆ ಒಲೆ ಹೂಡಿದ ಹಾಗೆ. ನಮಗೆ ಉರಿಯಿತು, ಎಸ್‌ಇಸಿ ಎಂಬ ಆಗ್ನೇಯ ರಾಜ್ಯಗಳ ಬಲಿಷ್ಠ ಒಕ್ಕೂಟಕ್ಕೆ 2012ರಲ್ಲಿ ಹೊರಟುಬಿಟ್ಟೆವು. ಹೊರಡುವ ಮುನ್ನ, 2011ರ ನವೆಂಬರ್ 24ರಂದು, ಥ್ಯಾಂಕ್ಸ್‌ಗಿವಿಂಗ್ ರಾತ್ರಿ ನಮ್ಮದೇ ಅಂಗಳದಲ್ಲಿ ಕೊನೆಯ ಆಟ. ಕೊನೆಯ ಕ್ಷಣದಲ್ಲಿ ಜಸ್ಟಿನ್ ಟಕರ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 27-25. ಸೋತೆವು. ಆಮೇಲೆ 13 ವರ್ಷ ಆಟವೇ ಇಲ್ಲ.

ಆ ಹದಿಮೂರು ವರ್ಷಗಳ ಬಗ್ಗೆ ನಮ್ಮವರು ಈಗ ಜಂಬ ಕೊಚ್ಚುವುದನ್ನು ಕಂಡರೆ ನಗು ಬರುತ್ತದೆ. ‘ಅವರಿಲ್ಲದೆ ಹಾಯಾಗಿದ್ದೆವು’ ಎನ್ನುತ್ತಾರೆ. ಎಲ್ಲಿಯ ಹಾಯಿ? ಮೊದಲ ವರ್ಷ ಜಾನಿ ಮ್ಯಾನ್‌ಜಿಯೆಲ್ ಎಂಬ ಆಟಗಾರ ಇದ್ದ, ಅಲಬಾಮಾವನ್ನು ಅವರ ಮನೆಯಲ್ಲೇ ಸೋಲಿಸಿದೆವು, ನಿಜ. ಅಲ್ಲಿಂದ ಮುಂದೆ? ಎಸ್‌ಇಸಿಯ ಅಂತಿಮ ಪಂದ್ಯಕ್ಕೆ ಒಮ್ಮೆಯೂ ಕಾಲಿಡಲಿಲ್ಲ. 2023ರಲ್ಲಿ ತರಬೇತುದಾರ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸಲಿಕ್ಕೇ 7.5 ಕೋಟಿ ಡಾಲರ್‌ಗೂ ಹೆಚ್ಚು ತೆರಬೇಕಾಯಿತು. ಋತುವಿನ ಕೊನೆಯ ಪಂದ್ಯಕ್ಕೆ ಲೂಸಿಯಾನಾ ರಾಜ್ಯದ ಎಲ್‌ಎಸ್‌ಯು ಎಂಬ ಬಾಡಿಗೆಯ ಶತ್ರುವನ್ನು ತಂದು ನಿಲ್ಲಿಸಿದರು. 2018ರಲ್ಲಿ ಅವರನ್ನು ಏಳು ಓವರ್‌ಟೈಮ್ ಆಡಿ 74-72 ರಲ್ಲಿ ಗೆದ್ದೆವು. ಮಧ್ಯರಾತ್ರಿ ಸೋಫಾದ ಮೇಲೆ ನಿಂತು ಕುಣಿದೆ, ಹೆಂಡತಿಯಿಂದ ಬೈಸಿಕೊಂಡೆ. ಬೆಳಿಗ್ಗೆ ಎದ್ದಾಗ ಮೊದಲು ಬಂದ ಯೋಚನೆ: ಛೇ, ಇದನ್ನು ಆಫೀಸಿನಲ್ಲಿ ಯಾರ ಮುಂದೆ ಹೇಳಿಕೊಳ್ಳುವುದು? ಹ್ಯೂಸ್ಟನ್ನಿನ ನನ್ನ ಕಚೇರಿಯಲ್ಲಿ ಲೂಸಿಯಾನಾದವರು ಒಬ್ಬರೂ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಇದ್ದದ್ದು ಆಸ್ಟಿನ್‌ನಲ್ಲಿ ಓದಿದವನು. ಅವನಿಗೆ ಅದರಿಂದ ಏನೂ ಆಗಿರಲಿಲ್ಲ.

ಆಟ ಇಲ್ಲದಿದ್ದರೂ ನಮ್ಮ ಯುದ್ಧಗೀತೆಯಲ್ಲಿ ಅವರ ಹೆಸರು ಇದ್ದೇ ಇತ್ತು. ಎದುರಿಗೆ ಯಾವ ತಂಡವೇ ಇರಲಿ, ಲಕ್ಷ ಜನ ಹೆಗಲಿಗೆ ಹೆಗಲು ಕೊಟ್ಟು ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ತೂಗುತ್ತ ಆ ಎತ್ತಿನ ಕೊಂಬನ್ನು ಗರಗಸದಿಂದ ಕೊಯ್ಯುವ ಅಭಿನಯ ಮಾಡುತ್ತಿದ್ದೆವು. ಕಾಂಕ್ರೀಟಿನ ಅಂತಸ್ತು ಕಾಲಡಿ ಅಲುಗುವುದು ಗೊತ್ತಾಗುತ್ತದೆ. ಎತ್ತೇ ಇಲ್ಲದ ಅಂಗಳದಲ್ಲಿ ಕೊಂಬು ಕೊಯ್ಯುವುದು! ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನಜ್ಜ ಮತ್ತು ಅವರ ತಮ್ಮ ಪಾಲಾದ ಮೇಲೆ ಹಜಾರದ ನಡುವೆ ಗೋಡೆ ಎಬ್ಬಿಸಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಆದರೂ ಅಜ್ಜ ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಮೊದಲು ನೋಡುತ್ತಿದ್ದದ್ದು ಆ ಕಡೆಯ ಹೆಂಚಿನ ಸಂದಿಯಲ್ಲಿ ಹೊಗೆ ಬರುತ್ತಿದೆಯೇ ಎಂದು. ನಾವೂ ಹದಿಮೂರು ವರ್ಷ ಹೊಗೆ ನೋಡಿಕೊಂಡೇ ಕಾಲ ಕಳೆದದ್ದು.

2021ಕ್ಕೆ ಬರೋಣ. ಟೆಕ್ಸಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳೆರಡೂ ಎಸ್‌ಇಸಿಗೆ ಬರುತ್ತಿವೆ ಎಂದು ಸುದ್ದಿ ಒಡೆಯಿತು. ಟೆಕ್ಸಸ್ ರಾಜ್ಯದಿಂದ ಎಸ್‌ಇಸಿಯಲ್ಲಿ ನಾವೊಬ್ಬರೇ ಇರಬೇಕು ಎಂದು ನಮ್ಮ ಅಥ್ಲೆಟಿಕ್ ನಿರ್ದೇಶಕರು ಬಹಿರಂಗವಾಗಿಯೇ ಹೇಳಿದರು. ನಾನೂ ತಲೆಯಾಡಿಸಿದೆ. ಅಭಿಮಾನ, ಸ್ವಂತಿಕೆ ಎಂದೆಲ್ಲ ಆಗ ಮಾತಾಡಿದೆವು. ಒಳಗಿನ ಲೆಕ್ಕ ಬೇರೆ ಇತ್ತು: ‘ಎಸ್‌ಇಸಿಯಲ್ಲೂ ಆಡಬೇಕು, ಅಮ್ಮನ ಊರಿನ ಹತ್ತಿರವೂ ಇರಬೇಕು ಎಂದರೆ ನಮ್ಮಲ್ಲಿಗೇ ಬಾ’ ಎಂದು ಒಳ್ಳೆಯ ಆಟಗಾರ ಹುಡುಗರನ್ನು ಕರೆಯುವ ಸೌಕರ್ಯ ಕೈತಪ್ಪುತ್ತಿತ್ತು. ಊರಿಗೊಂದೇ ಟಾಕೀಸು ಇದ್ದಾಗ ಅದರ ಮಾಲೀಕನಿಗೆ ಇರುವಂಥ ಅಭಿಮಾನ ಅದು. ಎಂಟು ದಿನಗಳಲ್ಲಿ ಎಲ್ಲ ಮುಗಿಯಿತು. ನಮ್ಮ ಆಡಳಿತ ಮಂಡಳಿಯೇ 8-1 ಮತದಿಂದ ‘ಬರಲಿ’ ಎಂದಿತು. ಜುಲೈ 29ರಂದು ಒಕ್ಕೂಟದ 14 ಸದಸ್ಯರೂ ಕೈ ಎತ್ತಿದರು. 2024ರ ಜುಲೈ 1ರಂದು ದಾಯಾದಿ ಗೃಹಪ್ರವೇಶ ಮಾಡಿದ.

2024ರ ನವೆಂಬರ್ 30. ಗೆದ್ದವರಿಗೆ ಎಸ್‌ಇಸಿ ಅಂತಿಮ ಪಂದ್ಯದ ಎಲೆ ಹಾಕಲಾಗಿತ್ತು. ನಾಲ್ಕನೆಯ ಕ್ವಾರ್ಟರ್‌ನಲ್ಲಿ 17-7, ಅವರು ಮುಂದೆ. ಅವರು ದೂರಕ್ಕೆ ಒದೆಯಹೊರಟ ಚೆಂಡನ್ನು ನಮ್ಮವರು ತಡೆದು ಕಿತ್ತುಕೊಂಡಾಗ ನಾನು ಟಿ.ವಿ.ಯ ಮುಂದೆ ಮಂಡಿಯೂರಿ ಕುಳಿತಿದ್ದೆ. ಗೋಲ್ ಗೆರೆ ಅಲ್ಲೇ ಇತ್ತು, ಕೊನೆಯ ಅವಕಾಶ, ಓಡಿದ ಹುಡುಗನನ್ನು ಅವರು ಗೆರೆಗೆ ಮುಟ್ಟಗೊಡಲಿಲ್ಲ. ಅಷ್ಟೇ. ಹನ್ನೆರಡು ವರ್ಷ ಪಂಕ್ತಿಯ ಕೊನೆಯಲ್ಲಿ ಎಲೆ ಹಿಡಿದು ಕಾಯುತ್ತಿದ್ದ ನಮ್ಮನ್ನು ದಾಟಿ ಹೊಸ ನೆಂಟ ಬಂದ ವರ್ಷವೇ ಮೊದಲ ಪಂಕ್ತಿಯಲ್ಲಿ ಕುಳಿತುಬಿಟ್ಟ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಸೋಮವಾರ ಪಕ್ಕದ ಮೇಜಿನವನು ಏನೂ ಮಾತಾಡದೆ ನನ್ನ ಕೀಬೋರ್ಡ್ ಮೇಲೆ ಒಂದು ಟೀ ಪೊಟ್ಟಣ ಇಟ್ಟು ಹೋದ. ಏಳು ಓವರ್‌ಟೈಮ್ ಗೆದ್ದಾಗ ಸಿಗದೇ ಹೋದದ್ದು ಈ ಸೋಲಿನಲ್ಲಿ ಸಿಕ್ಕಿತು. ಅವರು ಬಂದದ್ದು ಒಳ್ಳೆಯದಾಯಿತು ಎಂದು ನನಗೆ ಅನ್ನಿಸಿದ್ದು ಆ ಟೀ ಪೊಟ್ಟಣ ನೋಡಿದಾಗ. ಹಿಂತೆಗೆದುಕೊಳ್ಳುತ್ತಿರುವ ಅರ್ಧ ಇದು.

ಇದಕ್ಕಾಗಿ ಯಾರ ಮನೆ ಒಡೆಯಿತು ಎಂಬುದೂ ಗೊತ್ತಿದೆ. ಇದೇ ಗುಳೆಯಲ್ಲಿ ಒಕ್ಲಹೋಮ ತನ್ನ ದಾಯಾದಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯವನ್ನು ಬಿಟ್ಟು ಬಂತು. ಶತಮಾನ ದಾಟಿದ ಅವರ ಆಟ 2023ರ ನವೆಂಬರ್‌ನಲ್ಲಿ ನಿಂತಿತು. ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದಿಂದ ಹತ್ತು ಸದಸ್ಯರು ಎದ್ದು ಹೋಗಿ ಇಬ್ಬರು ಉಳಿದರು. ನಮ್ಮ ಆಟ ಮರಳಿ ಬಂದದ್ದು ಯಾರ ಸದ್ಬುದ್ಧಿಯಿಂದಲೂ ಅಲ್ಲ. ಟಿ.ವಿ.ಯವರ ಲೆಕ್ಕ ಈ ಸಲ ನಮ್ಮ ಕಡೆ ಕೂಡಿಬಂತು.

ಇನ್ನು ನಾನು ಬಿಟ್ಟುಕೊಡದ ಅರ್ಧ. ಎಸ್‌ಇಸಿಯವರಿಗೆ ಒಂದು ಚಟವಿದೆ. ಹೊರಗಿನವರ ಮೇಲೆ ತಮ್ಮವರಲ್ಲಿ ಯಾರೇ ಗೆದ್ದರೂ ‘ಎಸ್-ಇ-ಸಿ’ ಎಂದು ಒಕ್ಕೂಟದ ಹೆಸರು ಕೂಗುತ್ತಾರೆ. ಈಗ ಟೆಕ್ಸಸ್‌ನವರೂ ನಮ್ಮ ಮನೆಯವರು, ಹೊರಗೆ ಆಡುವಾಗ ಅವರಿಗೇ ಜೈ ಅನ್ನಬೇಕು ಎಂದು ಕೆಲವು ಹಳೆಯ ಸಹಪಾಠಿಗಳು ಬುದ್ಧಿ ಹೇಳುತ್ತಿದ್ದಾರೆ. ಸಾಧ್ಯವಿಲ್ಲ. 2005ರಲ್ಲಿ ಇಬ್ಬರೂ ಒಂದೇ ಒಕ್ಕೂಟದಲ್ಲಿದ್ದೆವು. ನವೆಂಬರ್‌ನಲ್ಲಿ ಕೈಲ್ ಫೀಲ್ಡ್‌ಗೆ ಬಂದು 40-29ರಲ್ಲಿ ನಮ್ಮನ್ನು ಸೋಲಿಸಿ ಹೋದ ಅದೇ ತಂಡ, ಜನವರಿ 4ರ ರಾತ್ರಿ ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಅಂಗಳದಲ್ಲಿ ರಾಷ್ಟ್ರೀಯ ಪ್ರಶಸ್ತಿಗೆ ಆಡಿತು. ನಮ್ಮ ರೂಮಿನಲ್ಲಿ ಒಬ್ಬನೂ ಅವರ ಕಡೆ ಇರಲಿಲ್ಲ. ಕ್ಯಾಲಿಫೋರ್ನಿಯಾವನ್ನೇ ನೋಡಿರದ ನಾನು ಅಲ್ಲಿನ ಯುಎಸ್‌ಸಿ ತಂಡ ಗೆಲ್ಲಲಿ ಎಂದು ಹರಕೆ ಹೊತ್ತೆ. ಆಸ್ಟಿನ್‌ನವರ ವಿನ್ಸ್ ಯಂಗ್ ಕೊನೆಯಲ್ಲಿ ಓಡಿದ, 41-38, ಹರಕೆ ನೀರುಪಾಲಾಯಿತು.

ಹಾಗೆಂದು ಮರ್ಯಾದೆ ಇಲ್ಲ ಎಂದಲ್ಲ. ಅವರನ್ನು ಸೋಲಿಸುವ ಹಂಬಲಕ್ಕೆ ನಮ್ಮವರು ವರ್ಷವೂ ಮರದ ದಿಮ್ಮಿ ಪೇರಿಸಿ ಉರಿಸುತ್ತಿದ್ದ ದೊಡ್ಡ ಬೆಂಕಿಯ ಅಟ್ಟಣೆ 1999ರ ನವೆಂಬರ್ 18ರ ನಸುಕಿನಲ್ಲಿ ಕುಸಿದು 12 ಮಂದಿ ಸತ್ತರು. ಎಂಟು ದಿನಕ್ಕೆ ಆಟ. ಅರ್ಧವಿರಾಮದಲ್ಲಿ ಆಸ್ಟಿನ್‌ನವರ ವಾದ್ಯತಂಡ ನಮ್ಮವರಿಗಾಗಿ ನುಡಿಸಿ, ತಲೆಯ ಟೋಪಿ ತೆಗೆದು ಮೌನವಾಗಿ ಹೊರನಡೆಯಿತು. ನಾನು ಬಂದ ವರ್ಷ ಅಲ್ಲಿ ಸ್ಮಾರಕ ತೆರೆಯಿತು. ವೃತ್ತಾಕಾರದಲ್ಲಿ ಹನ್ನೆರಡು ದ್ವಾರಗಳು, ಒಂದೊಂದೂ ಸತ್ತ ಹುಡುಗ ಹುಡುಗಿಯರ ಊರಿನ ದಿಕ್ಕಿಗೆ ಮುಖ ಮಾಡಿವೆ. ಟೋಪಿ ತೆಗೆದವರು ಆ ದಿನ ‘ಒಕ್ಕೂಟದ ಬಂಧುಗಳು’ ಎಂದು ತೆಗೆದಿರಲಿಲ್ಲ.

ನನ್ನ ಮಗಳು 2025ರ ಆಗಸ್ಟ್‌ನಲ್ಲಿ ಆಸ್ಟಿನ್‌ಗೆ ಓದಲು ಸೇರಿದಳು. ಹೌದು, ಅಲ್ಲಿಗೇ. ಪ್ರವೇಶಪತ್ರ ಬಂದ ದಿನ ಹೆಂಡತಿ ಕೇಸರಿಬಾತ್ ಮಾಡಿದಳು, ಬಣ್ಣ ಸ್ವಲ್ಪ ಹೆಚ್ಚೇ ಹಾಕಿದ್ದಳು. ನವೆಂಬರ್ 28ರಂದು 11 ಪಂದ್ಯ ಗೆದ್ದು ಒಂದೂ ಸೋಲದೆ ಹೋದ ನಮ್ಮ ತಂಡವನ್ನು ಅವರು 27-17ರಲ್ಲಿ ಕೆಡವಿದಾಗ ಅವಳು ಅಲ್ಲೇ ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತಿದ್ದಳು. ಅಷ್ಟಾದರೂ ಕೊನೆಗೆ 12 ತಂಡಗಳ ಪ್ಲೇಆಫ್‌ಗೆ ಆಯ್ಕೆಯಾದದ್ದು ನಾವು, ಅವರಲ್ಲ. ಡಿಸೆಂಬರ್ 20ರ ಬೆಳಿಗ್ಗೆ ಕೈಲ್ ಫೀಲ್ಡ್‌ನಲ್ಲಿ ಮಯಾಮಿಯ ಮೇಲೆ ಆಟ. ರಜೆಗೆ ಬಂದಿದ್ದ ಮಗಳು ಕೋಣೆಯಿಂದ ಇಳಿದು ಬಂದಳು, ಮೈಮೇಲೆ ಆಸ್ಟಿನ್‌ನ ಕಿತ್ತಳೆ ಬಣ್ಣದ ಅಂಗಿ.

‘ಇವತ್ತು ನಿಮ್ಮ ಆಟ ಇಲ್ಲವಲ್ಲ, ಪುಟ್ಟಿ’ ಎಂದೆ.

‘ಮಯಾಮಿಯವರದೂ ಕಿತ್ತಳೆ ಬಣ್ಣವೇ ಅಲ್ಲವೇ, ಅಪ್ಪ?’

10-3. ನಾವು ಸೋತೆವು. ಆಟ ಮುಗಿದ ಮೇಲೆ ಅವಳು ಕಾಫಿ ಕೇಳಿದಳು. ನಾನು ಎದ್ದು ಹೋಗಿ ಟೀ ಮಾಡಿಕೊಟ್ಟೆ.