ಗ್ರೈಂಡರ್ ಕಲ್ಲಿನ ಬಗ್ಗೆ ಒಂದು ಸ್ಪಷ್ಟನೆ

"ಬಿರುಕು ಕಾಣದಿದ್ದರೆ ಹಳೆ ಗ್ರೈಂಡರ್ ಕಲ್ಲು ಧೈರ್ಯವಾಗಿ ಹಾಕಿ" ಎಂಬ ಮೆಸೇಜು ಕುಂಬಳೆ, ಬದಿಯಡ್ಕ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಕೂದಲೆಳೆಯಂಥ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳಿಸುತ್ತದೆ.

ಬೆಂಚ್ ಗ್ರೈಂಡರಿನ (ಮೇಜಿಗೆ ಕೂರಿಸಿ ಕಬ್ಬಿಣ ಉಜ್ಜುವ ಯಂತ್ರ) ಕಲ್ಲನ್ನು ಬಿಚ್ಚಿ, ನಡುವಿನ ತೂತಿಗೆ ಬೆರಳು ಹಾಕಿ ತೂಗಿ ಹಿಡಿಯಿರಿ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಎಂದರೆ ಸರಿ. ಒಡೆದ ಮಡಕೆಯ ಹಾಗೆ ಡಬ್ ಎಂದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ನಮ್ಮ ಮಳೆಗಾಲದಲ್ಲಿ ತೇವ ಹಿಡಿದ ಕಲ್ಲು ಸುಮ್ನೆ ಮಂಕಾಗಿ ಕೇಳಿಸುವುದೂ ಉಂಟು, ಒಣಗಿಸಿಯೇ ತಟ್ಟಿ.

ಕಲ್ಲಿನ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮೋಟಾರಿನದಕ್ಕಿಂತ ಕಡಿಮೆ ಇರಬಾರದು. ಟೂಲ್ ರೆಸ್ಟಿಗೂ (ಉಜ್ಜುವ ತುಂಡನ್ನು ಊರಿ ಹಿಡಿಯುವ ಪಟ್ಟಿ) ಕಲ್ಲಿಗೂ 3 ಮಿ.ಮೀ.ಗಿಂತ ಜಾಸ್ತಿ ಸಂದು ಬೇಡ. ಸ್ವಿಚ್ ಹಾಕಿ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿ.