ಉಸಿರಿಲ್ಲದ ಹಕಾರ

ಲಾಟ್ವಿಯನ್ ಭಾಷೆಯಲ್ಲಿ ‘ಕಜ಼ಸ್’ ಎಂದರೆ ಆಡುಗಳು. ಮೊದಲ ಅಕ್ಷರಕ್ಕೆ ದೀರ್ಘ ಕೊಟ್ಟು ‘ಕಾಜ಼ಸ್’ ಎಂದರೆ ಮದುವೆ. ಕರೆಯೋಲೆಯಲ್ಲಿ ದೀರ್ಘವೊಂದು ತಪ್ಪಿದರೆ ಊಟಕ್ಕೆಂದು ಹೊರಟವರು ಕೊಟ್ಟಿಗೆಯ ಮುಂದೆ ನಿಂತಾರು. ಆ ಭಾಷೆಯನ್ನು ಮೊದಮೊದಲು ಕಾಗದಕ್ಕಿಳಿಸಿದವರಿಗೆ ಈ ದೀರ್ಘವೇ ದೊಡ್ಡ ಫಜೀತಿಯಾಗಿತ್ತು.

ಇಳಿಸಿದವರು ಹೆಚ್ಚಾಗಿ ಜರ್ಮನ್ ಪಾದ್ರಿಗಳು. 1585ರಲ್ಲಿ ವಿಲ್ನಿಯಸ್‌ನಲ್ಲಿ ಅಚ್ಚಾದ ಕ್ಯಾಥೊಲಿಕ್ ಧರ್ಮಬೋಧೆಯ ಕಾಲಕ್ಕೆ ಕಿವಿಗೆ ಬಿದ್ದದ್ದೇ ಕಾಗುಣಿತ; ಒಂದೇ ಪದ ಒಂದೊಂದು ಕಡೆ ಒಂದೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಇದಕ್ಕೊಂದು ಶಿಸ್ತು ತರಲು ಹೊರಟವನು 1638ರಲ್ಲಿ ‘ಲೆಟ್ಟುಸ್’ ಎಂಬ ನಿಘಂಟನ್ನು ಹೊರತಂದ ಗೆಯೋರ್ಗ್ ಮಾನ್ಸೆಲಿಯುಸ್. ಸ್ವರ ದೀರ್ಘವಾದರೆ ಅದರ ಬೆನ್ನಿಗೆ ‘ಎಚ್’ ಬರೆಯುವ ಜರ್ಮನ್ ರೂಢಿಯನ್ನು ಅವನು ಇಲ್ಲಿಗೂ ಒಗ್ಗಿಸಿದ. ಲಾಟ್ವಿಯನ್ನಿನ ಅಚ್ಚ ದೇಸಿ ಪದಗಳಲ್ಲಿ ಹಕಾರದ ಧ್ವನಿಯೇ ಇಲ್ಲವಾದ್ದರಿಂದ ಆ ಅಕ್ಷರ ಹೇಗೂ ಖಾಲಿ ಕುಳಿತಿತ್ತು. ತಾನು ಹಾಡದೆ ಪಕ್ಕದವರಿಗೆ ಶ್ರುತಿ ಹಿಡಿಯುವ ಕೆಲಸ ಅದಕ್ಕೆ ಸಿಕ್ಕಿತು.

ಹ್ರಸ್ವಕ್ಕೂ ಜರ್ಮನ್ ಉಪಾಯವೇ: ಮುಂದಿನ ವ್ಯಂಜನವನ್ನು ಎರಡು ಸಲ ಬರೆಯುವುದು. ಆಕಾಶವೆಂಬ ಅರ್ಥದ ‘ದೆಬೆಸ್’ ಹಳೆಯ ಅಚ್ಚಿನಲ್ಲಿ ಎರಡು ‘ಬಿ’ಗಳೊಡನೆ ಬರುತ್ತದೆ. ಒತ್ತಕ್ಷರಕ್ಕೆ ಪಳಗಿದ ನಮ್ಮ ಕಣ್ಣು ಅದನ್ನು ಕೂಡಲೇ ‘ದೆಬ್ಬೆಸ್’ ಎಂದು ಓದಿಬಿಡುತ್ತದೆ. ಆದರೆ ಅಲ್ಲಿ ಒತ್ತು ಇಲ್ಲ, ಹಿಂದಿನ ಸ್ವರವನ್ನು ಎಳೆಯಬೇಡಿರೆಂಬ ಸೂಚನೆ ಮಾತ್ರ. ಇನ್ನು ಹಳೆಯ ಪುಸ್ತಕಗಳಲ್ಲಿ ‘ರೀಗಾದಲ್ಲಿ’ (ರೀಗಾ ಲಾಟ್ವಿಯಾದ ರಾಜಧಾನಿ) ಎಂಬುದನ್ನು ಬರೆದ ಬಗೆ ನನಗೆ ಬಹಳ ಇಷ್ಟ. ಮೊದಲ ದೀರ್ಘಕ್ಕೆ ‘ಎಚ್’, ‘ಅಲ್ಲಿ’ ಎಂಬ ವಿಭಕ್ತಿಯನ್ನು ಸೂಚಿಸುವ ಕೊನೆಯ ದೀರ್ಘಕ್ಕೆ ತಲೆಯ ಮೇಲೊಂದು ಪುಟ್ಟ ಸೂರು: ಒಂದೇ ಪದದಲ್ಲಿ ಎರಡು ಬಗೆಯ ದೀರ್ಘ. ಗೊಂದಲವೆಂದು ಮೂಗು ಮುರಿಯುವವರು ಮುರಿಯಲಿ, ವ್ಯಾಕರಣವನ್ನು ಕಣ್ಣಿಗೇ ಕಾಣಿಸುವ ಆ ಸೂರು ನನಗೆ ಜಾಣತನವಾಗಿಯೇ ಕಾಣುತ್ತದೆ.

ಅರ್ನ್ಸ್ಟ್ ಗ್ಲ್ಯೂಕ್ ಅನುವಾದಿಸಿದ, 1689ರ ಹೊತ್ತಿಗೆ ಅಚ್ಚಿಗೆ ಹೋದ ಬೈಬಲ್ಲಿನಿಂದ ಈ ಬರವಣಿಗೆ ಬೇರೂರಿ ಎರಡು ಶತಮಾನ ದಾಟಿ ಬಾಳಿತು. 1908ರಲ್ಲಿ ಭಾಷಾತಜ್ಞ ಕಾರ್ಲಿಸ್ ಮೀಲೆನ್‌ಬಾಖ್ಸ್ ನೇತೃತ್ವದ ಸಮಿತಿಯೊಂದು ‘ಎಚ್’ ಅನ್ನು ಆ ಚಾಕರಿಯಿಂದ ಬಿಡಿಸಿ, ಸ್ವರದ ನೆತ್ತಿಯ ಮೇಲೊಂದು ಅಡ್ಡಗೀಟು ಎಳೆದರೆ ಸಾಕೆಂದು ತೀರ್ಮಾನಿಸಿತು. ಆ ಗೀಟು ಸಿಗದ ಕೀಲಿಮಣೆಯ ಮುಂದೆ ಕುಳಿತ ಲಾಟ್ವಿಯನ್ನರು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ನಮ್ಮಂತೆಯೇ, ಎರಡು ‘ಎ’ ಒತ್ತಿ ಮದುವೆಯನ್ನು ಆಡುಗಳಿಂದ ಪಾರುಮಾಡುವುದುಂಟು. ‘ಎಚ್’ ಈಗ ರಾಷ್ಟ್ರಗೀತೆಗೆ ಅವರು ಹೇಳುವ ‘ಹಿಮ್ನಾ’ದಂಥ ಎರವಲು ಪದಗಳಲ್ಲಿದೆ, ಅಲ್ಲಿ ಅದನ್ನು ಉಚ್ಚರಿಸುತ್ತಾರೆ ಕೂಡ.