ನಾಲ್ಕನೆಯ ಮೂಲೆ

ಗಂಗಾವತಿಗೆ ಹೋಗಿ ಬಂದ ನನ್ನ ಹೆಂಡತಿ, ಬಸ್ಸಿನಲ್ಲಿ ಕೊಟ್ಟ ಶೂನ್ಯ ದರದ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ, ನಾನು ಹಿಂದಿನ ದಿನವಷ್ಟೇ ಜೋಡಿಸಿ ಮುಗಿಸಿದ್ದ ಸಾಗವಾನಿ ಫೋಟೊ ಚೌಕಟ್ಟಿನ ನಾಲ್ಕನೆಯ ಮೂಲೆಯ ಸಂದಿಯಲ್ಲಿ ಸಿಕ್ಕಿಸಿದಳು. ಒಂದು ಮಾತನ್ನೂ ಆಡಲಿಲ್ಲ. ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ ಇದಕ್ಕಿಂತ ಸ್ಪಷ್ಟವಾದ ಮೌಲ್ಯಮಾಪನ ಬೇಕಿರಲಿಲ್ಲ.

ಚೌಕಟ್ಟು ಎಂಬುದರ ಕುತಂತ್ರವೇ ಇದು. ಎಂಟು ಕೊಯ್ತಗಳಲ್ಲಿ ಒಂದೊಂದೂ ಅರ್ಧ ಡಿಗ್ರಿ ತಪ್ಪಿದರೂ ಮೊದಲ ಮೂರು ಮೂಲೆಗಳು ಏನೂ ಆಗಿಲ್ಲವೆಂಬಂತೆ ಕೂಡಿಕೊಂಡು, ಒಟ್ಟು 4 ಡಿಗ್ರಿಯ ಸಾಲವನ್ನು ಕೊನೆಯ ಮೂಲೆಯ ತಲೆಗೆ ಕಟ್ಟುತ್ತವೆ. ಇದರ ಜೊತೆಗೆ ಕೊಯ್ದ ಅಂಚುಗಳ ಮೇಲೆ ಸುಟ್ಟ ಕಪ್ಪು ಕಲೆಗಳೂ ಇದ್ದವು. ಟೇಬಲ್ ಸಾ ಎಂಬ ಮೇಜಿನ ಗರಗಸ ಯಂತ್ರದ ಬ್ಲೇಡು ಮೇಜಿನ ಮೇಲೆ ಉದ್ದಕ್ಕೆ ಕೊರೆದ ಜಾಡಿಗೆ ಸಮಾನಾಂತರವಾಗಿ ನಿಂತಿಲ್ಲದಿದ್ದರೆ, ಮುಂದಿನ ಹಲ್ಲು ಕೊಯ್ದುಹೋದ ದಾರಿಯಲ್ಲಿ ಹಿಂದಿನ ಹಲ್ಲು ಸುಮ್ಮನೆ ಹಾಯ್ದುಹೋಗದೆ ಮರವನ್ನು ಮತ್ತೆ ಉಜ್ಜಿ ಸುಡುತ್ತದೆ. ಬ್ಲೇಡಿನ ಹಿಂಬದಿ, ಮರವನ್ನು ಆನಿಸಿ ತಳ್ಳುವ ಫೆನ್ಸಿನ ಕಡೆಗೆ ವಾಲಿದ್ದರಂತೂ ಮರವನ್ನು ಎತ್ತಿ, ನಿಂತವನ ಹೊಟ್ಟೆಗೇ ಎಸೆಯಬಲ್ಲದು. ಒಂದೇ ಮನೆಯಲ್ಲಿ ಎರಡು ಅಪರಾಧಗಳು ನಡೆದಾಗ ಕಳ್ಳನೂ ಒಬ್ಬನೇ ಇರಬೇಕೆಂದು ನಾನು ಆ ಕ್ಷಣವೇ ತೀರ್ಮಾನಿಸಿದೆ. ಬ್ಲೇಡನ್ನು ನೇರ ಮಾಡಿದರೆ ಕಲೆಯೂ ಹೋಗುತ್ತದೆ, ಸಂದಿಯೂ ಹೋಗುತ್ತದೆ.

ಸಂಜೆ ಬಂದ ನೆರೆಮನೆಯ ಗೆಳೆಯರು ಸಂದಿಯನ್ನು ನೋಡಿ, ಮರದ ಹೊಟ್ಟಿಗೆ ಅಂಟು ಕಲಸಿ ತುಂಬಿಬಿಡಿ, ಕಿನ್ನಾಳದವರು ಮಾಡುವುದಿಲ್ಲವೇ ಎಂದರು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆ ಕೆತ್ತಿ, ಹುಣಸೆ ಬೀಜದ ಅಂಟಿಗೆ ಸೆಣಬಿನ ಪುಡಿ ಮತ್ತು ಮರದ ಹೊಟ್ಟು ಬೆರೆಸಿದ ಕಿಟ್ಟವನ್ನು ಹಚ್ಚಿ ರೂಪ ತಿದ್ದುತ್ತಾರೆ. ಅಲ್ಲಿ ಕಿಟ್ಟವೆಂಬುದು ಕಲೆಯ ಒಂದು ಅಂಗ. ನನ್ನ ಚೌಕಟ್ಟಿನಲ್ಲಿ ಅದು ಸಾಕ್ಷ್ಯನಾಶ. ಹಾಗೆಂದು ಹೇಳಿದ್ದಕ್ಕೆ ಅವರು, "ಒಂದು ಸೂತ ಹೆಚ್ಚು ಕಡಿಮೆ, ನಡೀತದ ಬಿಡ್ರಿ" ಎಂದರು. ಒಂದು ಸೂತವೆಂದರೆ ಇಂಚಿನ ಎಂಟನೆಯ ಒಂದು ಭಾಗ, ಅಂದರೆ ಮೂರು ಮಿಲಿಮೀಟರಿಗೂ ತುಸು ಹೆಚ್ಚು. ಬ್ಲೇಡು ಮರದಲ್ಲಿ ಕೊರೆಯುವ ದಾರಿಯೇ ಸುಮಾರು ಅಷ್ಟು ಅಗಲವಿರುವಾಗ ಅದನ್ನು ಹೆಚ್ಚು ಕಡಿಮೆ ಎನ್ನುವವರ ಜೊತೆ ವಾದಿಸಬಾರದೆಂದು ತಿಳಿದಿದ್ದರೂ ನಾನು ಮುಕ್ಕಾಲು ಗಂಟೆ ವಾದಿಸಿದೆ. ಈ ಊರಿನಲ್ಲಿ ಮುಚ್ಚದ ಬಾಗಿಲುಗಳೆಲ್ಲವೂ, ಕುಂಟುವ ಮಂಚಗಳೆಲ್ಲವೂ "ನಡೀತದ ಬಿಡ್ರಿ" ಎಂಬ ಆ ಎರಡು ಪದಗಳಿಂದಲೇ ಹುಟ್ಟಿದವು ಎಂಬುದು ನನ್ನ ಗಟ್ಟಿ ನಂಬಿಕೆ.

ಬ್ಲೇಡನ್ನು ಅಳೆಯಲು ಪಟ್ಟಿ ಸರಿಯುವ ಗುನ್ಯಾ, ಅಂದರೆ ಬಡಗಿಗಳು ಲಂಬಕೋನ ನೋಡುವ ಸಾಧನ, ಬೇಕಾಗಿತ್ತು. ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದನ್ನು ಕೇಳಿದೆ, ಕೊಟ್ಟರು. ಗುನ್ಯಾ ನೇರವಿದೆಯೇ ಎಂದು ತಿಳಿಯಲು ಹಲಗೆಯ ನೇರ ಅಂಚಿಗೆ ಅದನ್ನು ಒತ್ತಿ ಒಂದು ಗೆರೆ ಎಳೆದು, ಮಗುಚಿ ಹಾಕಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡು ಗೆರೆಗಳು ಒಂದಾದರೆ ಗುನ್ಯಾ ಸಾಚಾ. ಕವಲೊಡೆದರೆ ಅದರ ತಪ್ಪು ಎರಡರಷ್ಟಾಗಿ ಕಣ್ಣಿಗೆ ಕಾಣುತ್ತದೆ. ಅಂಗಡಿಯವರ ಪ್ಲೈವುಡ್ ತುಂಡೊಂದನ್ನು ಕೇಳಿ ಪಡೆದು, ಕಿಸೆಯಲ್ಲಿದ್ದ ಪೆನ್ಸಿಲನ್ನು ಚೂಪು ಮಾಡಿಕೊಂಡು ಪರೀಕ್ಷಿಸಿದೆ. ಕವಲೊಡೆಯಿತು. ಎರಡನೆಯದನ್ನು ಕೇಳಿದೆ, ಅದೂ ಕವಲೊಡೆಯಿತು. ಮೂರನೆಯದು ಇನ್ನೊಂದು ದಿಕ್ಕಿಗೆ ಕವಲೊಡೆದು ವೈವಿಧ್ಯವನ್ನು ಒದಗಿಸಿತು. ಆರನೆಯದನ್ನು ಮಗುಚಿ ಹಾಕುವ ಹೊತ್ತಿಗೆ ನನ್ನ ಹಿಂದೆ ಮೊಳೆಗೆಂದು ಬಂದ ಇಬ್ಬರು, ಪೈಪಿಗೆಂದು ಬಂದ ಒಬ್ಬರು ಕೆಲಸ ಮರೆತು ನಿಂತಿದ್ದರು; ಅವರಲ್ಲೊಬ್ಬರು, ಈ ಸಲದ್ದು ಪಾಸಾಗಬಹುದೆಂದು ಮೆಲ್ಲಗೆ ನುಡಿದರು. ಪಾಸಾಗಲಿಲ್ಲ. ಅಂಗಡಿಯವರು, "ಸರ, ಗುನ್ಯಾ ತೊಗೊಳಾಕ ಬಂದೀರೋ, ಗುನ್ಯಾದ ಪರೀಕ್ಷಾ ತೊಗೊಳಾಕ ಬಂದೀರೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ, ಆದರೆ ಆರಕ್ಕೆ ಆರೂ ನಪಾಸಾದರೆ ತಪ್ಪು ಪರೀಕ್ಷಕನದಲ್ಲ ಎಂದು ನಾನು ಉತ್ತರಿಸಿದೆ.

ಆಗ ಅವರ ತಲೆಯ ಮೇಲೆ, ಮೊಳೆಗೆ ತೂಗುಹಾಕಿದ್ದ, ತುಕ್ಕು ಹಿಡಿದ ಏಳನೆಯ ಗುನ್ಯಾ ನನ್ನ ಕಣ್ಣಿಗೆ ಬಿತ್ತು. ಅದರ ಎರಡು ಗೆರೆಗಳು ಒಂದೇ ಗೆರೆಯಾದವು. ಹಿಂದೆ ನಿಂತವರು ಉಸಿರು ಬಿಟ್ಟರು. ಅದು ತಂದೆಯ ಕಾಲದ್ದೆಂದೂ, ಮಾರಾಟಕ್ಕಿಲ್ಲವೆಂದೂ ಹೇಳಿದ ಅಂಗಡಿಯವರು, ಬಹಳ ಕಾಡಿದ ಮೇಲೆ, ನನ್ನ ಸೈಕಲ್ಲನ್ನು ಒತ್ತೆಯಿಟ್ಟುಕೊಂಡು ಮರುದಿನ ಸಂಜೆಯವರೆಗೆ ಅದನ್ನು ಕೊಟ್ಟರು. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ, ಗುನ್ಯಾವನ್ನು ಟವೆಲಿನಲ್ಲಿ ಸುತ್ತಿಕೊಂಡು ನಾನು ನಡೆದೇ ಮನೆ ಸೇರಿದೆ.

ಉಳಿದ ಕೆಲಸ ಸರಳವಾಗಿತ್ತು. ಪ್ಲಗ್ಗನ್ನು ಕಿತ್ತು, 10 ಇಂಚಿನ ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿದೆ. ಗುನ್ಯಾದ ತಲೆಯನ್ನು ಜಾಡಿನ ಅಂಚಿಗೆ ಒತ್ತಿ, ಆ ಹಲ್ಲಿಗೆ ಕಿರ್ರೆಂದು ತಾಗುವಷ್ಟು ಪಟ್ಟಿಯನ್ನು ಸರಿಸಿ ಬಿಗಿದೆ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಬದಿಗೆ ತಂದು ನೋಡಿದರೆ ಸದ್ದಿಲ್ಲ. ಸಂದಿ ಅಳೆಯುವ ಫೀಲರ್ ಗೇಜು 0.4 ಮಿಲಿಮೀಟರ್ ಎಂದಿತು. ಮೇಜಿನ ಅಡಿಯ ನಾಲ್ಕು ಬೋಲ್ಟುಗಳಲ್ಲಿ ಮೂರನ್ನು ಸಡಿಲಿಸಿ ಕೊಡತಿಯಿಂದ ತಟ್ಟಿದೆ, ಅಳೆದೆ, ಬಿಗಿದೆ. ಬಿಗಿಯುವಾಗ ಅದು ಮತ್ತೆ ಸರಿಯಿತು. ಹನ್ನೊಂದನೆಯ ಸಲಕ್ಕೆ ಎರಡೂ ಕಡೆ ಒಂದೇ ಕಿರ್ರು ಕೇಳಿಸಿತು.

ಆಗಲೇ ಹೊಳೆದದ್ದು, ಈ ಕೆಲಸಕ್ಕೆ ಗುನ್ಯಾ ನೇರವಿರಬೇಕಾದ ಅಗತ್ಯವೇ ಇರಲಿಲ್ಲವೆಂದು. ಸೊಟ್ಟ ಗುನ್ಯಾ ಮುಂದೆಯೂ ಹಿಂದೆಯೂ ಒಂದೇ ತಪ್ಪನ್ನು ಮಾಡುತ್ತದೆ. ಎರಡರ ವ್ಯತ್ಯಾಸದಲ್ಲಿ ಅದು ಉಳಿಯುವುದಿಲ್ಲ. ಎಂಟನೆಯ ತರಗತಿಯ ಹುಡುಗನೂ ಹೇಳುತ್ತಿದ್ದ.

ಹೊಸ ಪಟ್ಟಿಗಳನ್ನು ಕೊಯ್ದೆ. ಒಂದು ಕಪ್ಪು ಕಲೆಯೂ ಇಲ್ಲ. ಅಂಚುಗಳು ರಂದಾ ಹೊಡೆದಂತೆ ನುಣುಪಾಗಿದ್ದವು. ಜೋಡಿಸಿದೆ. ಮೂರು ಮೂಲೆಗಳು ಕೂಡಿದವು.

ಮರದ ಕೋನವನ್ನು ನಿರ್ಧರಿಸುವುದು ಜಾಡಿನಲ್ಲಿ ಓಡುವ ಕೋನದ ಗೇಜು. ಅದರ 45ರ ಗುರುತೇ ಸುಳ್ಳಾಗಿತ್ತು. ಮಾಡದ ತಪ್ಪಿಗೆ ಬ್ಲೇಡನ್ನು ಎರಡು ದಿನ ದಂಡಿಸಿದ್ದೆ. ಗೇಜನ್ನು ತಿದ್ದುವುದಕ್ಕೆ, ಕೊಯ್ದ ಎರಡು ತುಂಡುಗಳನ್ನು ಕೂಡಿಸಿ ಒಳಮೂಲೆಗೆ ಗುನ್ಯಾ ಹಿಡಿದು ನೋಡಬೇಕು, ಮತ್ತು ಈ ಸಲ ಆ ಗುನ್ಯಾ ನಿಜಕ್ಕೂ ನೇರವಿರಲೇಬೇಕು. ಗಡಿಯಾರದಲ್ಲಿ ಐದೂವರೆಯಾಗಿತ್ತು. ಸೈಕಲ್ಲನ್ನು ಬಿಡಿಸಿಕೊಂಡು ಬಂದೆ. ಸೋಮವಾರ ನನ್ನ ಹೆಂಡತಿ ಮತ್ತೆ ಗಂಗಾವತಿಗೆ ಹೋಗುವವಳಿದ್ದಾಳೆ.